ಮೂರನೇ ಮಹಡಿಯ ಸೊನ್ನೆಗಳು

ಆ ಹಸಿರು ಸೋಫಾದ ಮೇಲೆ ಕೂತವಳು ಯಾಕಿಷ್ಟು ನಗುತ್ತಿದ್ದಾಳೆ, ಗ್ರಂಥಾಲಯದಲ್ಲಿ ಹೀಗೆ ಹಲ್ಲು ಬಿಟ್ಟು ನಗುವಂಥದ್ದು ಏನು ಸಿಕ್ಕಿತು ಇವಳಿಗೆ, ಪಕ್ಕದಲ್ಲೊಂದು ಕುಂಡ, ಕುಂಡದಲ್ಲಿ ಅಗಲ ಎಲೆಯ ಗಿಡ, ಗಿಡದ ಹಿಂದೆ ಗೋಡೆಯಷ್ಟಗಲದ ಗಾಜು, ಗಾಜಿನಾಚೆ ಯಾವ ಊರಿನಲ್ಲೂ ಇರದಂಥ ನೀಲಿ ಆಕಾಶ — ಪುಸ್ತಕ ಎಲ್ಲಿ, ಒಂದೇ ಒಂದು, ಸೋಫಾದ ತೋಳಿನ ಮೇಲಾದರೂ ಬೋರಲು ಮಲಗಿದ್ದು, ಇಲ್ಲ, ಪರದೆಯ ಮೇಲಿನ ಚಿತ್ರದ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದರೂ ಇಲ್ಲ. ಸಭಾಕೊಠಡಿಯ ಎಸಿ ಮೇಜಿನ ಈ ಕೊನೆಯಲ್ಲಿ ಕೂತ ಉಪಗ್ರಂಥಪಾಲಕಿಯ ಕತ್ತಿಗೇ ಗುರಿಯಿಟ್ಟು ಊದುತ್ತಿದೆ, ಶಾಲನ್ನು ಮೇಲೆಳೆದುಕೊಂಡಳು, ಮೂರನೇ ಮಹಡಿ ಹೀಗಿರುತ್ತೆ ಅಂತ ಸ್ವಲ್ಪ ಕಲ್ಪಿಸ್ಕೊಳ್ಳಿ, ಎನ್ನುತ್ತಿದ್ದಾನೆ ಸಲಹೆಗಾರ, ವಿಶ್ವವಿದ್ಯಾಲಯ ಹೊರಗಿನಿಂದ ಕರೆಸಿದವನು, ಆರು ತಿಂಗಳಿಂದ ಗ್ರಂಥಾಲಯದ ಮುಂದಿನ ಇಪ್ಪತ್ತು ವರ್ಷವನ್ನು ಬಣ್ಣಬಣ್ಣದ ಚೌಕಗಳಲ್ಲಿ ಬರೆದವನು. ಕಲ್ಪಿಸಿಕೊಳ್ಳಬೇಕಂತೆ. ಆ ಮಹಡಿಯಲ್ಲಿ ಇಪ್ಪತ್ತಾರು ವರ್ಷ ಕಳೆದ ಉಪಗ್ರಂಥಪಾಲಕಿಗೆ, ಯಾವ ಕಿಟಕಿಯ ಕೊಂಡಿ ಸಡಿಲ, ಯಾವ ಮೇಜಿನ ಕಾಲಿಗೆ ರಟ್ಟು ಮಡಿಸಿ ಇಟ್ಟಿದೆ, ಮಧ್ಯಾಹ್ನ ಮೂರಕ್ಕೆ ಬಿಸಿಲು ಯಾವ ಸಾಲಿನ ಮೇಲೆ ಬೀಳುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳಿಗೆ, ಕಲ್ಪಿಸ್ಕೊಳ್ಳಿ. ನಿಮ್ಮಲ್ಲಿ ಜಗಳ ಆಡೋದಾದ್ರೂ ಪಿಸುಮಾತಲ್ಲೇ ಆಡ್ಬೇಕಾ, ಎಂದಿದ್ದ ಗಂಡ ಬೆಳಗ್ಗೆ, ಷೂ ಲೇಸು ಕಟ್ಟುತ್ತ, ತನ್ನ ಹಾಸ್ಯಕ್ಕೆ ತಾನೇ ನಕ್ಕು, ಇಪ್ಪತ್ತೈದು ವರ್ಷದಿಂದ ಅದೇ ಹಾಸ್ಯ, ಅವಳು ನಗದಿದ್ದರೂ ನಡೆಯುತ್ತದೆ ಅವನಿಗೆ. ಆಡುತ್ತೇನೆ, ಇವತ್ತು ಕಿರುಚಿಯೇ ಆಡುತ್ತೇನೆ, ಎಂದುಕೊಂಡು ಮನೆಯಿಂದ ಹೊರಟವಳು, ಬಸ್ಸಿನ ಮುಕ್ಕಾಲು ಗಂಟೆ ಪೂರ್ತಿ ಮಾತು ಜೋಡಿಸಿಕೊಂಡು ಬಂದವಳು, ಈಗ ನೋಡಿದರೆ ಸೋಫಾದವಳ ಹಲ್ಲು ಎಣಿಸುತ್ತಿದ್ದಾಳೆ.

ಮೇಜಿನ ತಲೆಯಲ್ಲಿ ಕುಲಪತಿಗಳು, ಅವರ ಬಲಕ್ಕೆ ಮುಖ್ಯ ಗ್ರಂಥಪಾಲಕರು, ಬರುವ ತಿಂಗಳು ನಿವೃತ್ತರಾಗುವವರು, ಯಾವ ಮಾತಿಗೂ ತಲೆಯಾಡಿಸುವ ಹಂತ ತಲುಪಿದವರು, ಎಡಕ್ಕೆ ನಾಲ್ಕು ವಿಭಾಗದ ಪ್ರಾಧ್ಯಾಪಕರು, ಅವರಲ್ಲಿ ಇಬ್ಬರು ಮೇಜಿನ ಕೆಳಗೆ ಫೋನು ನೋಡುತ್ತಿದ್ದಾರೆ. ಪರದೆ ಬದಲಾಯಿತು, ಸೋಫಾದವಳು ಹೋದಳು, ಪುಸ್ತಕ ಹೊರಗೆ ಹೋದ ಲೆಕ್ಕದ ಕಂಬಗಳು ಬಂದವು, ಮೊದಲ ಮಹಡಿಗೆ ಎತ್ತರದ ಕಂಬ, ಎರಡನೆಯದಕ್ಕೆ ಅದರರ್ಧ, ಮೂರನೆಯದಕ್ಕೆ ಕಂಬವೇ ಇಲ್ಲ, ನೆಲದಲ್ಲಿ ಗೆರೆ. ಮೂರನೇ ಮಹಡಿ ಪುಸ್ತಕ ಹೊರಗೆ ಕೊಡೋ ಹಾಗಿಲ್ಲ ಅನ್ನೋದು ನಮಗೆ ಗೊತ್ತು, ಎನ್ನುತ್ತಾನೆ ಸಲಹೆಗಾರ, ಅದಕ್ಕೇ ಅನ್ಯಾಯ ಆಗ್ಬಾರ್ದು ಅಂತ ಅಲ್ಲೇ ಕೂತು ಓದಿದ ಲೆಕ್ಕ ಬೇರೆ ತರಿಸ್ಕೊಂಡ್ವಿ, ಹದಿನೆಂಟು ವರ್ಷದ್ದು, ಒಂದು ವರ್ಷನೂ ತಪ್ಪದೆ ಸಿಕ್ತು, ಇಂಥ ಶಿಸ್ತು ನಾನು ಬೇರೆ ಎಲ್ಲೂ ನೋಡಿಲ್ಲ, ಮೇಡಂ ಅವರಿಗೆ ವಿಶೇಷ ಧನ್ಯವಾದ — ಎಂದು ಅವಳತ್ತ ತಿರುಗಿ ಸಣ್ಣಗೆ ತಲೆ ಬಾಗಿಸಿದ, ಎಲ್ಲರೂ ಅವಳತ್ತ ನೋಡಿದರು, ಫೋನು ನೋಡುತ್ತಿದ್ದವರೂ. ಹದಿನೆಂಟು ವರ್ಷ, ಅಲ್ಲೇ ಓದಿದವರು, ಸೊನ್ನೆ. ಸೊನ್ನೆ, ಸೊನ್ನೆ, ಸೊನ್ನೆ, ಪರದೆಯ ಮೇಲೆ ಕೋಳಿಮೊಟ್ಟೆ ಜೋಡಿಸಿಟ್ಟ ಹಾಗೆ ಹದಿನೆಂಟು ಸೊನ್ನೆ. ಮೈಯೆಲ್ಲ ಉರಿಯಿತು, ಈ ಚಳಿ ಕೋಣೆಯಲ್ಲೂ ಕಿವಿಯ ತುದಿಯವರೆಗೆ ಉರಿ, ಅವನು ದುಷ್ಟನಾಗಿದ್ದರೆ ಎಷ್ಟು ಚೆನ್ನಾಗಿತ್ತು, ಕೊಬ್ಬಿನಿಂದ ಮಾತಾಡುವವನಾಗಿದ್ದರೆ, ಪುಸ್ತಕ ಮುಟ್ಟದವನಾಗಿದ್ದರೆ, ಅಲ್ಲ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾನೆ, ಸರಿಯಾದ ಕಾಲಂ ನೋಡಿದ್ದಾನೆ, ಮಹಾರಾಯ, ಆ ಕಾಲಂ ತುಂಬಿದವಳು ನಾನಲ್ಲವೇ, ಈ ಕೈಯಲ್ಲವೇ.

ಮೊದಲು ಗೀಟು ಇತ್ತು. ಓದಿದವರು ಪುಸ್ತಕವನ್ನು ತಾವೇ ವಾಪಸ್ ಇಡಬಾರದು, ಮೇಜಿನ ಮೇಲೇ ಬಿಟ್ಟು ಹೋಗಬೇಕು, ಅದು ಆ ಮಹಡಿಯ ಕಟ್ಟುನಿಟ್ಟು, ಸಂಜೆ ಏಣಿಯಕ್ಕ ಮೇಜಿಂದ ಮೇಜಿಗೆ ಹೋಗಿ ಒಂದೊಂದನ್ನೂ ಎತ್ತಿ, ಗೆರೆ ಎಳೆದ ಉದ್ದ ಪುಸ್ತಕದಲ್ಲಿ ಸಾಲಿನ ಸಂಖ್ಯೆಯ ಎದುರು ಒಂದು ಗೀಟು ಎಳೆದು, ನಾಲ್ಕು ಗೀಟಾದ ಮೇಲೆ ಅಡ್ಡ ಒಂದು ಎಳೆದು ಕಟ್ಟಿ, ಆಮೇಲೆ ಅವನ್ನೆಲ್ಲ ಜಾಗಕ್ಕೆ ಸೇರಿಸುವಳು. ಏಣಿಯಕ್ಕ ಎಂದರೆ ಅಟೆಂಡರ್, ಮೇಲಿನ ಕಪಾಟಿನ ಏಣಿಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಸೊಂಟಕ್ಕಾನಿಸಿಕೊಂಡು ಓಡಾಡುವವಳು, ಅವಳಿಗೆ ಬೇರೆ ಹೆಸರಿರುವುದು ಸಂಬಳದ ಚೀಟಿಗೆ ಮಾತ್ರ ಗೊತ್ತು. ಗೀಟು ಎಳೆಯಲು ಅರ್ಧ ಗಂಟೆ ಬೇಕಿತ್ತು. ಐದಕ್ಕೆ ಮಹಡಿ ಮುಚ್ಚಿದರೆ ಐದೂವರೆ, ಬೀಗ ಹಾಕುವ ಜವಾಬ್ದಾರಿ ಉಪಗ್ರಂಥಪಾಲಕಿಯದು, ಶಿಶುಪಾಲನಾ ಕೇಂದ್ರ ಮುಚ್ಚುವುದೂ ಐದೂವರೆಗೇ, ಎರಡು ಬಸ್ಸು ಬದಲಿಸಿ ಅವಳು ಓಡುತ್ತ ಹೋಗುವಷ್ಟರಲ್ಲಿ ಕೇಂದ್ರದ ಹೆಂಗಸು ಗೇಟಿನ ಹೊರಗೆ, ಒಂದು ಕೈಯಲ್ಲಿ ಬೀಗದ ಕೈ ಗೊಂಚಲು, ಇನ್ನೊಂದು ಕೈಯಲ್ಲಿ ಮಗಳು, ಮಗಳ ಬೆನ್ನಿಗೆ ಆಗಲೇ ಚೀಲ, ಮಗಳ ಮುಖದಲ್ಲಿ ಅತ್ತು ಮುಗಿಸಿದ ಸಪ್ಪೆತನ, ನಂಗೂ ಮನೆ ಇದೆ ಅಲ್ವಾ ಮೇಡಂ, ನಾಳೆಯಿಂದ ಹೀಗಾದ್ರೆ ಬೇರೆ ಕಡೆ ನೋಡ್ಕೊಳ್ಳಿ. ನೀವು ಹೋಗಬಹುದಲ್ಲ ಎಂದು ಗಂಡನನ್ನು ಕೇಳಿದ್ದಳು, ಕೇಳಿದ್ದು ಒಂದೇ ಸಲ, ನಂಗೆ ಸಂಜೆ ಮೀಟಿಂಗ್ ಇರುತ್ತೆ ಕಣೇ, ನಿಂದು ಲೈಬ್ರರಿ ತಾನೇ, ಯಾರು ಕೇಳ್ತಾರೆ ಅಲ್ಲಿ. ಯಾರು ಕೇಳುತ್ತಾರೆ, ನಿಜ, ಯಾರೂ ಕೇಳಲಿಲ್ಲ. ಅದೇ ವರ್ಷ ಕಂಪ್ಯೂಟರ್ ಬಂತು, ಎಲ್ಲ ಪುಸ್ತಕಕ್ಕೂ ಬಾರ್‌ಕೋಡ್ ಅಂಟಿತು, ಒಂದು ಸಂಜೆ ಅವಳು ಚೀಲ ಹೆಗಲಿಗೇರಿಸಿ ನಿಂತೇ ಹೇಳಿದಳು, ಬಿಡಕ್ಕ ಆ ಗೀಟು, ಇನ್ನೇನು ಕಂಪ್ಯೂಟರ್ರೇ ಎಲ್ಲ ನೋಡ್ಕೊಳ್ಳುತ್ತೆ, ಏಣಿಯಕ್ಕ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದಳು, ಅದು ಹೆಂಗಮ್ಮ ನೋಡ್ಕೊಳ್ಳುತ್ತೆ, ಅದು ಕೆಳಗಿನ ಕೌಂಟರ್‌ನಲ್ಲಿ ತಾನೇ ಕೂತಿರೋದು, ಇಲ್ಲಿ ಮೇಜಿನ ಮೇಲೆ ಏನು ಬಿದ್ದಿದೆ ಅಂತ ಅದಕ್ಕೇನು ಗೊತ್ತು — ನೋಡ್ಕೊಳ್ಳುತ್ತೆ ಬಿಡಕ್ಕ. ಒಂದು ವಾರದ ಮಟ್ಟಿಗೆ ಎಂದುಕೊಂಡದ್ದು. ಮಗಳ ಕಿವಿನೋವು ವಾಸಿಯಾಗುವವರೆಗೆ, ಆಮೇಲೆ ಮಳೆ ನಿಲ್ಲುವವರೆಗೆ, ಆಮೇಲೆ ಬೇರೆ ಕೇಂದ್ರ ಸಿಗುವವರೆಗೆ, ಮಗಳು ಈಗ ಅವಳಿಗಿಂತ ಎರಡು ಬೆರಳು ಎತ್ತರ. ವರ್ಷದ ಕೊನೆಗೆ ಕಂಪ್ಯೂಟರ್‌ನಲ್ಲಿ ವರದಿಯ ಫಾರಂ ತುಂಬಲು ಕೂತಾಗ ಆ ಕಾಲಂ ಎದುರಾಯಿತು, ಸ್ಥಳದಲ್ಲೇ ಓದಿದ ಪುಸ್ತಕಗಳ ಸಂಖ್ಯೆ, ಖಾಲಿ ಬಿಟ್ಟಳು, ಫಾರಂ ಮುಂದಕ್ಕೆ ಹೋಗಲಿಲ್ಲ, ಕೆಂಪಕ್ಷರದಲ್ಲಿ ಗದರಿತು, ಒಂದು ಅಡ್ಡಗೆರೆ ಹಾಕಿ ನೋಡಿದಳು, ಮತ್ತೆ ಗದರಿತು, ಗೊತ್ತಿಲ್ಲ ಎಂದು ಬರೆದಳು, ಅಂಕಿ ಮಾತ್ರ ಹಾಕಿ ಎಂದಿತು, ಗಂಟೆ ಐದಕ್ಕೆ ಹತ್ತು ನಿಮಿಷ ಇತ್ತು, ಸೊನ್ನೆ ಒತ್ತಿದಳು, ಹೋಯಿತು. ಎಷ್ಟು ಸುಲಭವಾಗಿ ಹೋಯಿತು. ಮರುವರ್ಷ ಒತ್ತುವಾಗ ಕೈ ತಡೆಯಲೂ ಇಲ್ಲ.

ಆ ಹದಿನೆಂಟು ಸೊನ್ನೆಯೊಳಗೆ ಯಾರ್‍ಯಾರು ಕೂತಿದ್ದರು, ಕಂಬವಿಲ್ಲದ ಆ ಗೆರೆಯಲ್ಲಿ, ನರ್ಸಮ್ಮ ಕೂತಿದ್ದಳು, ಮೂರು ವರ್ಷ, ಮೂಲೆಯ ಮೇಜು, ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಕೆಲಸದಿಂದ ನಿವೃತ್ತಳಾದ ಮೇಲೆ ಸಂಶೋಧನೆಗೆ ಹೆಸರು ನೋಂದಾಯಿಸಿದವಳು, ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ನೀರಿನ ಬಾಟಲಿ ಹಿಡಿದು ಹಾಜರು. ಓದಿದ್ದು ಹಳೆಯ ಆಸ್ಪತ್ರೆಗಳ ವಾರ್ಷಿಕ ವರದಿ, ಅರವತ್ತು ಎಪ್ಪತ್ತು ವರ್ಷ ಹಿಂದಿನವು, ಮುಟ್ಟಿದರೆ ಅಂಚು ಉದುರುವ ಕಾಗದ, ಒಂದೊಂದು ವರದಿಯ ಬೆನ್ನಿಗೂ ಒಂದು ಪಟ್ಟಿ, ಹೆರಿಗೆಯಲ್ಲಿ ಸತ್ತವರು. ಇಲ್ನೋಡಿ ಮೇಡಂ, ಎಂದು ಒಂದು ದಿನ ಕೈಸನ್ನೆ ಮಾಡಿ ಕರೆದಳು, ವಯಸ್ಸು ಇಪ್ಪತ್ತೆರಡು, ಮೂರನೇ ಹೆರಿಗೆ, ತಡವಾಗಿ ತಂದರು, ಅಷ್ಟೇ, ಹೆಸರು ಹಾಕೋಕೆ ಇವ್ರಿಗೆ ಏನು ಧಾಡಿಯಾಗಿತ್ತು ಹೇಳಿ, ಹಾಸಿಗೆಗೆ ನಂಬರಿದೆ, ಡಾಕ್ಟರಿಗೆ ಹೆಸರಿದೆ, ಸತ್ತೋಳಿಗೆ ವಯಸ್ಸು ಮಾತ್ರ. ಆಮೇಲೆ ಕನ್ನಡಕ ಒರೆಸಿಕೊಂಡು, ನಾನು ಬೇರೇನೂ ಮಾಡ್ತಿಲ್ಲ ಮೇಡಂ, ಇವ್ರನ್ನ ಎಣಿಸ್ತಿದೀನಿ ಅಷ್ಟೇ, ಯಾರೂ ಎಣಿಸೇ ಇಲ್ಲ ನೋಡಿ. ಎಣಿಸುತ್ತಿದ್ದಳು ಪಾಪ, ಬೆಳಗಿನಿಂದ ಸಂಜೆವರೆಗೆ, ಅದೇ ಮಹಡಿಯಲ್ಲಿ, ಎಣಿಸುವುದನ್ನು ಬಿಟ್ಟವಳ ಎದುರಿಗೇ ಕೂತು. ಸಂಜೆ ಅವಳ ಮೇಜಿನ ಮೇಲೆ ಹನ್ನೆರಡು ಹದಿಮೂರು ಸಂಪುಟ ಬಿದ್ದಿರುತ್ತಿದ್ದವು, ಏಣಿಯಕ್ಕ ಎತ್ತಿ ಎತ್ತಿ ಜಾಗಕ್ಕೆ ಸೇರಿಸುತ್ತಿದ್ದಳು, ದಿನಕ್ಕೆ ಹನ್ನೆರಡೆಂದರೂ ಮೂರು ವರ್ಷಕ್ಕೆ ಎಷ್ಟು ಸಾವಿರ — ಸೊನ್ನೆ. ಪರದೆಯ ಮೇಲೆ ಈಗ ಸಲಹೆಗಾರನ ಮೂರು ಹಂತಗಳು, ಮೊದಲ ಹಂತ, ಬಳಕೆಯಿಲ್ಲದ ಮೂವತ್ತೆಂಟು ಸಾವಿರ ಪುಸ್ತಕಗಳಿಗೆ ಗುರುತು, ಎರಡನೆಯದು, ಊರಾಚೆಯ ಗೋದಾಮಿಗೆ ಸಾಗಣೆ, ಮೂರನೆಯದು ಸಣ್ಣಕ್ಷರದಲ್ಲಿ, ಎರಡು ವರ್ಷದಲ್ಲಿ ಬೇಡಿಕೆ ಬಾರದವುಗಳ ವಿಲೇವಾರಿ. ವಿಲೇವಾರಿ, ಎಂಥ ನಯವಾದ ಮಾತು, ಗಂಟಲಲ್ಲಿ ಸಿಕ್ಕದೆ ಇಳಿಯುವಂಥದ್ದು. ಗೋದಾಮಿಗೆ ಹೋದ ಪುಸ್ತಕವನ್ನು ಕೇಳುವುದಾದರೂ ಯಾರು, ಅದು ಇದೆ ಎಂದು ಕಣ್ಣಿಗೆ ಬೀಳದೆ. ನರ್ಸಮ್ಮನಿಗೂ ಆ ವರದಿಗಳು ಸಿಕ್ಕದ್ದು ಬೇರೆ ಯಾವುದನ್ನೋ ಹುಡುಕುತ್ತ ಆ ಸಾಲಿನಲ್ಲಿ ನಡೆದಾಗ.

ಹದಿನೈದು ನಿಮಿಷ ಕಾಫಿ, ಎಂದರು ಕುಲಪತಿಗಳು, ಕುರ್ಚಿಗಳು ಹಿಂದೆ ಸರಿದವು, ಬಂದ ಕೂಡಲೇ ಅನುಮೋದನೆ ಮುಗಿಸಿಬಿಡೋಣ, ನಂಗೆ ನಾಲ್ಕಕ್ಕೆ ಇನ್ನೊಂದಿದೆ. ಮುಖ್ಯ ಗ್ರಂಥಪಾಲಕರು ಕಪ್ಪು ಹಿಡಿದು ಅವಳ ಪಕ್ಕಕ್ಕೆ ಬಂದು ನಿಂತರು, ಗೋಡೆಯ ಕಡೆ ಮುಖ ಮಾಡಿ, ಮುಖ ಯಾಕಮ್ಮ ಹೀಗೆ ಮಾಡ್ಕೊಂಡಿದೀರಿ, ನನ್ನ ಕುರ್ಚಿ ನಿಮಗೇ ಅಂತ ಹೆಚ್ಚುಕಡಿಮೆ ಆಗಿಹೋಗಿದೆ, ಇವನ ವರದಿಯಲ್ಲೇ ನಿಮ್ಮ ಹೆಸರಿದೆ, ಶಿಸ್ತು ಗಿಸ್ತು ಅಂತ ಹೊಗಳಿದಾನೆ, ಹತ್ತು ನಿಮಿಷ ಸುಮ್ನಿರಿ ಸಾಕು. ಹತ್ತು ನಿಮಿಷ ಸುಮ್ಮನಿದ್ದರೆ ಮುಖ್ಯ ಗ್ರಂಥಪಾಲಕಿ. ಆಸೆ ಇಲ್ಲವೆಂದರೆ ಸುಳ್ಳು, ಬಾಗಿಲಿನ ಹಿತ್ತಾಳೆ ಫಲಕದ ಮೇಲೆ ತನ್ನ ಹೆಸರನ್ನು ಅವಳು ಎಷ್ಟು ಸಲ ಓದಿಕೊಂಡಿಲ್ಲ, ಗಂಡನಿಗೆ ಅದನ್ನು ಹೇಳುವಾಗ ಹೇಗೆ ಹೇಳಬೇಕೆಂದೂ ಗೊತ್ತು, ತಿರುಗಿ ನೋಡದೆ, ತಟ್ಟೆ ತೊಳೆಯುತ್ತ, ನಂಗಿನ್ನು ಸಂಜೆ ಮೀಟಿಂಗ್ ಇರುತ್ತೆ ಕಣ್ರೀ. ಕಪ್ಪು ಕೆಳಗಿಟ್ಟು ಮೆಟ್ಟಿಲು ಹತ್ತಿದಳು, ಲಿಫ್ಟಿಗೆ ಕಾಯುವಷ್ಟು ಸಹನೆ ಇಲ್ಲ, ಒಂದು ಮಹಡಿ, ಎರಡು, ಮೊಣಕಾಲು ಬೈಯುತ್ತದೆ, ಮೂರು, ಬಾಗಿಲು ನೂಕಿದರೆ ಹಳೆ ಕಾಗದದ ವಾಸನೆ, ಅದರ ಮೇಲೆ ಇನ್ನೊಂದು, ಹೊಸದು, ಅಂಟಿನ ವಾಸನೆ. ಎದುರಿನ ಸಾಲಿನ ಪುಸ್ತಕಗಳ ಬೆನ್ನಿಗೆಲ್ಲ ಕೆಂಪು ಬಿಲ್ಲೆ, ಅದರ ಮುಂದಿನ ಸಾಲಿಗೂ, ಊರಿಗೆಲ್ಲ ದಡಾರ ಬಂದ ಹಾಗೆ. ಅನುಮೋದನೆ ಇನ್ನೂ ಆಗಿಲ್ಲ, ಕೆಳಗೆ ಕಾಫಿ ಕುಡಿಯುತ್ತಿದ್ದಾರೆ, ಇಲ್ಲಿ ಆಗಲೇ ಗುರುತು ಬಿದ್ದಿದೆ. ಏಣಿಯ ಮೇಲಿಂದ ಏಣಿಯಕ್ಕ ತಿರುಗಿ ನೋಡಿದಳು, ಎಡಗೈಯಲ್ಲಿ ಬಿಲ್ಲೆಯ ಹಾಳೆ, ಬಲಗೈಯ ಐದು ಬೆರಳ ತುದಿಗೂ ಒಂದೊಂದು ಕೆಂಪು ಬಿಲ್ಲೆ, ಸಲ ಸಲಕ್ಕೂ ಹಾಳೆಯಿಂದ ಕೀಳುವ ತಾಪತ್ರಯ ಬೇಡವೆಂದು ಐದನ್ನು ಒಟ್ಟಿಗೆ ಬೆರಳಿಗೆ ಹಚ್ಚಿಕೊಂಡು ಸಾಲಾಗಿ ಒತ್ತುತ್ತ ಹೋಗುವ ಲೆಕ್ಕ, ಹಣೆಯ ಬೆವರು ಒರೆಸಲು ಬೆರಳು ಬಿಡುವಿಲ್ಲದೆ ಮಣಿಕಟ್ಟಿನಿಂದ ಒರೆಸಿಕೊಂಡಳು. ಯಾರು ಹೇಳಿದ್ದು ನಿಂಗೆ, ಎಂದಳು ಅವಳು, ದನಿ ಇಡೀ ಮಹಡಿಯಲ್ಲಿ ಅಪ್ಪಳಿಸಿತು, ಇಪ್ಪತ್ತಾರು ವರ್ಷದಲ್ಲಿ ಇಲ್ಲಿ ಹಾಗೆ ಕೂಗಿದ್ದು ಮೊದಲ ಸಲ, ಯಾರಕ್ಕ ಹೇಳಿದ್ದು ಅಂಟಿಸು ಅಂತ. ದೊಡ್ಡ ಸಾಹೇಬ್ರು ಹೇಳಿದ್ರು, ಬೆಳಗ್ಗೆನೇ, ಯಾರೂ ಮುಟ್ಟದ್ದಕ್ಕೆಲ್ಲ ಅಂಟಿಸು ಅಂದ್ರು. ಯಾರೂ ಮುಟ್ಟದ್ದಾ, ನೀನೇ ದಿನಾ ಎತ್ತಿಟ್ಟಿದ್ದಲ್ಲವಾ, ನಿಂಗೆ ಬಾಯಿಲ್ವಾ, ಹೇಳೋದಲ್ವಾ ಅವ್ರಿಗೆ. ಏಣಿಯಕ್ಕ ಒಂದು ಮೆಟ್ಟಿಲು ಕೆಳಗಿಳಿದಳು, ಸಿಟ್ಟಿಲ್ಲ, ದುಃಖವೂ ಇಲ್ಲ ಅವಳ ಮುಖದಲ್ಲಿ, ನಾನೇನು ಹೇಳ್ಲಮ್ಮ, ಎಂದಳು, ನನ್ನ ಹತ್ರ ಗೀಟಿತ್ತು, ಬಿಡು ಅಂದ್ರಿ, ಬಿಟ್ಟೆ, ಈಗ ಬಾಯಲ್ಲಿ ಹೇಳಿದ್ರೆ ನಂಬ್ತಾರಾ ಏಣಿ ಹೊರೋಳನ್ನ. ಎಂದು ಐದು ಬೆರಳನ್ನೂ ಬಿಡಿಸಿ ಎತ್ತಿ ಹಿಡಿದಳು, ಒಂದಕ್ಕೊಂದು ತಾಗದ ಹಾಗೆ, ಬಿಲ್ಲೆ ಹಾಳಾಗದ ಹಾಗೆ, ಇವನ್ನ ಎಲ್ಲಿ ಒರೆಸ್ಲಿ ಹೇಳಿ, ಅಂಟಿಸ್ಲಾ, ಬೇಡ್ವಾ.

ಅವಳು ಬಾಗಿಲತ್ತ ತಿರುಗಿ ಮೆಟ್ಟಿಲು ಇಳಿದಳು, ಮೂರು, ಎರಡು, ಒಂದು, ಬೈಗುಳಗಳು ತಾವಾಗಿ ಬರುತ್ತಿವೆ, ಮುಖ್ಯ ಗ್ರಂಥಪಾಲಕರಿಗೆ, ಬೆಳಗ್ಗೆಯೇ ಅಂಟಿಸಲು ಹೇಳಿ ಮಧ್ಯಾಹ್ನ ಸಭೆಯಲ್ಲಿ ತಲೆಯಾಡಿಸುವವರಿಗೆ, ಸಲಹೆಗಾರನಿಗೆ, ಖಾಲಿ ಬಿಡಲು ಬಿಡದ ಆ ಫಾರಂ ಮಾಡಿದವನಿಗೆ, ಗೇಟಿನ ಹೊರಗೆ ಮಗುವನ್ನು ನಿಲ್ಲಿಸಿಕೊಂಡಿದ್ದ ಹೆಂಗಸಿಗೆ, ಅಲ್ಲ, ಅವಳಿಗೂ ಮನೆ ಇತ್ತು, ಮೀಟಿಂಗಿದ್ದ ಗಂಡನಿಗೆ, ಅವನಿಗೆ ಸರಿಯಾಗಿಯೇ ಒಂದಿಷ್ಟು, ಆದರೂ ಎಲ್ಲ ಬೈದು ಮುಗಿದ ಮೇಲೆ ಒಂದು ಉಳಿಯುತ್ತದೆ, ಸೊನ್ನೆ ಒತ್ತಿದ ಬೆರಳು ಅವರ್‍ಯಾರದೂ ಅಲ್ಲ, ಮೊದಲ ವರ್ಷ ಅವಸರ, ಒಪ್ಪಿದೆ, ಎರಡನೇ ವರ್ಷವೂ ಅವಸರ, ಉಳಿದ ಹದಿನಾರು ವರ್ಷ ಏನು ಬಂದಿತ್ತು ನಿನಗೆ. ಬಾಗಿಲು ತೆರೆದಾಗ ಎಲ್ಲರೂ ಕೂತಾಗಿತ್ತು, ಕುಲಪತಿಗಳ ಮುಂದೆ ಹಾಳೆ, ಕೈಯಲ್ಲಿ ಮುಚ್ಚಳ ತೆಗೆದ ಪೆನ್ನು, ಗ್ರಂಥಾಲಯದ ಕಡೆಯಿಂದ ಏನೂ ಆಕ್ಷೇಪ ಇಲ್ಲ ತಾನೇ, ಮುಖ್ಯ ಗ್ರಂಥಪಾಲಕರು ತಲೆಯಾಡಿಸಿದರು, ಇದೆ, ಎಂದಳು ಅವಳು, ಇನ್ನೂ ಬಾಗಿಲಲ್ಲೇ ನಿಂತು, ಬಸ್ಸಿನಲ್ಲಿ ಜೋಡಿಸಿದ ಒಂದು ಮಾತೂ ನೆನಪಾಗದೆ. ಆ ಹದಿನೆಂಟು ಸೊನ್ನೆ ಸುಳ್ಳು. ನಾನು ಬರೆದದ್ದು. ಎಣಿಸೋದನ್ನ ನಿಲ್ಲಿಸಿದ್ದು ನಾನೇ, ಎಣಿಸ್ಲಿಲ್ಲ ಅಂತ ಬರೆಯೋಕೆ ಜಾಗ ಇರ್ಲಿಲ್ಲ, ಸೊನ್ನೆ ಅಂತ ಬರೆದೆ, ನೀವು ಅದನ್ನ ಯಾರೂ ಓದಿಲ್ಲ ಅಂತ ಓದ್ಕೊಂಡ್ರಿ, ಅಲ್ಲಿ ಜನ ಇದ್ರು, ದಿನಾ ಇದ್ರು, ಮೇಜು ತುಂಬ ಪುಸ್ತಕ ಬಿದ್ದಿರ್ತಿತ್ತು, ಮೇಲೆ ಈಗಾಗ್ಲೇ ಕೆಂಪು ಬಿಲ್ಲೆ ಅಂಟಿಸ್ತಿದಾರೆ, ನೀವು ಸಹಿ ಹಾಕೋ ಮೊದ್ಲೇ, ಅದನ್ನೂ ಕೇಳಿ ಇವ್ರನ್ನ. ಮುಖ್ಯ ಗ್ರಂಥಪಾಲಕರು ಏಯ್ ಎಂಬಂತೆ ಏನೋ ಅಂದರು, ಒಬ್ಬ ಪ್ರಾಧ್ಯಾಪಕರ ಫೋನು ನೆಲಕ್ಕೆ ಬಿತ್ತು, ಸಲಹೆಗಾರ ತನ್ನ ಪರದೆಯ ಸೊನ್ನೆಗಳನ್ನೇ ನೋಡುತ್ತಿದ್ದ, ಆಮೇಲೆ ತಿರುಗಿ, ಸಿಟ್ಟಿಲ್ಲದೆ, ನಿಜಕ್ಕೂ ತಿಳಿದುಕೊಳ್ಳುವವನ ಹಾಗೆ, ಹಾಗಾದ್ರೆ ಎಷ್ಟು ಮೇಡಂ, ಎಂದ. ಕುಲಪತಿಗಳು ಪೆನ್ನಿನ ಮುಚ್ಚಳ ಹಾಕಲಿಲ್ಲ, ಕೆಳಗಿಡಲೂ ಇಲ್ಲ, ಒಂದು ಸಂಖ್ಯೆ ಕೊಡಿ ಮೇಡಂ, ಅಂದಾಜಾದ್ರೂ ಸರಿ, ಸುಮ್ನೆ ಇದ್ರು ಇದ್ರು ಅಂದ್ರೆ ನಾನು ಏನಂತ ಬರೀಲಿ. ಎಷ್ಟು — ಹನ್ನೆರಡು ಗುಣಿಸು ಮೂರು ವರ್ಷ, ಅದು ನರ್ಸಮ್ಮ ಒಬ್ಬಳದೇ, ಮಿಕ್ಕವರು, ಕಿಟಕಿ ಮೇಜಿನವರು, ಕಂಬದ ಪಕ್ಕದವರು, ಒಂದೇ ದಿನಕ್ಕೆ ಬಂದು ಒಂದೇ ಪುಟ ನೋಡಿ ಹೋದವರು, ವಯಸ್ಸು ಇಪ್ಪತ್ತೆರಡು, ಮೂರನೇ ಹೆರಿಗೆ, ಎಷ್ಟು, ಬಾಯಿ ತೆರೆದಿದ್ದಾಳೆ, ಅಂಕಿ ಬರುತ್ತಿಲ್ಲ, ಎಲ್ಲರೂ ಕಾಯುತ್ತಿದ್ದಾರೆ, ಎಸಿ ಊದುತ್ತಿದೆ, ಎಷ್ಟು ಮೇಡಂ, ಅಂಕಿಯ ಜಾಗದಲ್ಲಿ ಒಂದು ಕೈ, ಏಣಿಯ ಮೇಲೆ, ಬಿಡಿಸಿ ಎತ್ತಿ ಹಿಡಿದದ್ದು, ಎಷ್ಟು, ಐದು ಬೆರಳು, ಬೆರಳಿಗೊಂದು ಕೆಂಪು, ಒಂದಕ್ಕೊಂದು ತಾಗದ ಹಾಗೆ, ಎಲ್ಲೂ ಒರೆಸದೆ, ಎಲ್ಲೂ ಒತ್ತದೆ, ಇನ್ನೂ ಎತ್ತಿಯೇ ಹಿಡಿದ ಐದು ಬೆರಳು, ಕೆಂಪು